ಹೋದದ್ದಕ್ಕೆ ಪುರಾವೆ

ನಾಖುದಾ ಜುಸಬ್,
ಆ ಗುರುವಾರ ಶಾರ್ಜಾದ ಖೋರಿನಲ್ಲಿ ನೀರು ಇಳಿಯುತ್ತಿತ್ತು, ನಿನಗೆ ಅವಸರ.
ನಲವತ್ತೊಂದು ಹೈಲಕ್ಸ್ ಇಂಜಿನು, ಹದಿನೇಳು ಗೇರ್‌ಬಾಕ್ಸು,
ಯಾವುದೋ ಆಂಬುಲೆನ್ಸಿನ ಹಿಂಬಾಗಿಲು ಒಂದು,
ಎಲ್ಲ ಈರುಳ್ಳಿ ಮೂಟೆಗಳ ಪಕ್ಕ ಹಗ್ಗ ಬಿಗಿದು
ಬೊಸಾಸೊ ಕಡೆಗೆ ಮೂತಿ ತಿರುಗಿಸಿದೆ.
ನಾನು ದಕ್ಕೆಯಲ್ಲಿ ನಿಂತು ಕೈ ಬೀಸಿದೆ.
ಬೀಸಿದ ಕೈಗೆ ರಸೀದಿ ಇಲ್ಲ.

ಸರಕು ಹೋಗಲೇ ಇಲ್ಲ, ಅನ್ನುತ್ತದೆ ಇಲಾಖೆ.
ನಿರ್ಗಮನ ಪತ್ರದ ಕೆಳಗೆ, ಬಲಕ್ಕೆ,
ಒಂದು ಗುಂಡನೆಯ ನೀಲಿ ಮುದ್ರೆ ಇರಬೇಕಿತ್ತು.
ಅಲ್ಲಿ ನಿನ್ನ ಹೆಬ್ಬೆರಳಿನ ಗ್ರೀಸ್ ಇದೆ.
ಆದ್ದರಿಂದ ಇಂಜಿನುಗಳು ಸಮುದ್ರ ದಾಟಿಲ್ಲ,
ಇಲ್ಲೇ ಎಲ್ಲೋ ಮಾರಿದ್ದೇನೆ, ಐದು ಪರ್ಸೆಂಟು ಮುಚ್ಚಿಟ್ಟಿದ್ದೇನೆ.
ಹೀಗೆಯೇ ಮೂರು ವರ್ಷ, ಇಪ್ಪತ್ತಾರು ದೋಣಿ.

ಐದು ಅಂದರೆ ಒಂದು ಕೈಯ ಬೆರಳು ಎಂದುಕೊಂಡಿದ್ದೆ ನಾನು.
ತೆರಿಗೆ ಒಂದು ಲಕ್ಷ ಎಂಬತ್ತೆಂಟು ಸಾವಿರ ದಿರ್ಹಮ್,
ದಂಡ ಎರಡು ಲಕ್ಷ ಹತ್ತು.
ಹಸುವಿಗಿಂತ ಬಾಲ ಉದ್ದ.
ಮೇಲಿನ ಸಮಿತಿಗೆ ಹೋಗಬೇಕಾದರೆ
ಮೊದಲು ತೆರಿಗೆ ಕಟ್ಟು, ಆಮೇಲೆ ಕಟ್ಟಬೇಕಾಗಿರಲಿಲ್ಲ ಎಂದು ವಾದಿಸು,
ಎನ್ನುತ್ತಾನೆ ಲೆಕ್ಕದ ಬಿಜೋಯ್. ಅವನ ತಪ್ಪಲ್ಲ.
ಅವನ ಫೀಸು ಬೇರೆ.

ಅರ್ಜಿ ಅರಬಿಯಲ್ಲಿರಬೇಕು. ಪುಟಕ್ಕೆ ಎಪ್ಪತ್ತು ದಿರ್ಹಮ್.
ಮೋನಬ್ಬ ಅನ್ನುವುದನ್ನು ಹೇಗೆ ಬರೆಯುವುದೆಂದು
ತರ್ಜುಮೆಯ ಹುಡುಗಿ ಪೆನ್ನು ಕಚ್ಚಿ ಕೂತಳು,
ಕೊನೆಗೆ ಏನೋ ಬರೆದಳು.
ಆ ಹೆಸರಿನವನು ಯಾರೋ, ಪಾಪ,
ಇಪ್ಪತ್ತೆರಡು ವರ್ಷದಿಂದ ಪ್ರಾಮಾಣಿಕನಂತೆ.

ಯಾರ್ಡಿನಲ್ಲಿ ಗುಲ್‌ಝರಿನ್ ಇನ್ನೂ ಬೆಳಿಗ್ಗೆ ಆರಕ್ಕೆ ಬರುತ್ತಾನೆ.
ಎರಡು ತಿಂಗಳ ಸಂಬಳ ಬಾಕಿ, ಕೇಳುವುದಿಲ್ಲ.
ಕೇಳದಿರುವುದೇ ನನಗೆ ಹೆಚ್ಚು ಭಾರ.
ಜಾಗದ ಬಾಡಿಗೆಯ ಚೆಕ್ಕು ಹದಿನೈದಕ್ಕೆ ಬ್ಯಾಂಕಿಗೆ ಹೋಗುತ್ತದೆ,
ಬರಿಗೈಯಲ್ಲಿ ವಾಪಸು ಬಂದರೆ ಆಮೇಲಿನದು ಗೊತ್ತೇ ಇದೆ.
ನೆಬಿಸಾ ಬಳೆ ಬಿಚ್ಚಿ ಮೇಜಿನ ಮೇಲಿಟ್ಟಳು.
ತೂಗಿದೆವು. ದಂಡದ ಬಾಲದ ತುದಿಯ ಕೂದಲು.
ಮತ್ತೆ ಹಾಕಿಕೊ ಅಂದೆ, ಹಾಕಿಕೊಳ್ಳಲಿಲ್ಲ.
ಮೇಜಿನ ಮೇಲೇ ಇವೆ, ಅನ್ನ ಬಡಿಸುವಾಗ ಸರಿಸುತ್ತೇವೆ.

ಪಾಪರ್ ಚೀಟಿ ಅನ್ನುತ್ತಿದ್ದರು ನಮ್ಮ ಬಂದರಿನ ಹಳಬರು,
ಬೀಡಿಯಂಗಡಿಯವನು ಮುಳುಗಿದಾಗ, ಅಕ್ಕಿ ಮಂಡಿಯವನು ಮುಳುಗಿದಾಗ.
ನಾವು ಮಕ್ಕಳು ಅದನ್ನು ಲಾಟರಿ ಚೀಟಿಯ ಹಾಗೆ
ಯಾರೋ ಮನೆಗೆ ತಂದುಕೊಡುತ್ತಾರೆ ಎಂದುಕೊಂಡಿದ್ದೆವು.
ಅದಕ್ಕಾದರೆ, ಜುಸಬ್, ಮುದ್ರೆ ಸಿಗುತ್ತದೆಯಂತೆ.

ನಿನ್ನೆ ನೀನು ಕಳಿಸಿದ ವಿಡಿಯೋ ಬಂತು:
ಬೊಸಾಸೊದ ಮಣ್ಣುರಸ್ತೆಯಲ್ಲಿ ಒಂದು ಪಿಕಪ್ಪು,
ಹಿಂದೆ ಆಡುಗಳು, ಆಡುಗಳ ಮೇಲೆ ಇಬ್ಬರು ಹುಡುಗರು.
ಬಾನೆಟ್ಟು ಎತ್ತಿ ತೋರಿಸಿದ್ದೀ.
ಗುಲ್‌ಝರಿನ್ ಬಳಿದ ಹಳದಿ ಗೀಟು ಹಾಗೆಯೇ ಇದೆ,
ಮೂರನೇ ಸಿಲಿಂಡರಿನ ಸಣ್ಣ ಕೆಮ್ಮೂ ಇದೆ.
ಆ ಕೆಮ್ಮು ನಾನು ಬಲ್ಲೆ.
ಮಾರುವಾಗ ಅದಕ್ಕೆಂದೇ ಐವತ್ತು ಇಳಿಸಿದ್ದೆ.

ಬಿಜೋಯ್‌ಗೆ ತೋರಿಸಿದೆ. ಎರಡು ಸಲ ನೋಡಿದ.
ಚೆನ್ನಾಗಿದೆ ಇಕ್ಕಾ, ಅಂದ. ದಾಖಲೆ ಅಲ್ಲ.
ರಾತ್ರಿ ಅದನ್ನೇ ಮತ್ತೆ ಹಾಕಿಕೊಂಡು ಕೂತಿದ್ದೆ,
ಒಳಗಿನಿಂದ ನೆಬಿಸಾ, ಯಾರದು ಕೆಮ್ಮುವುದು, ಅಂದಳು.

ಉತ್ತರ ಬರಲು ಇನ್ನೂ ಇಪ್ಪತ್ತೊಂಬತ್ತು ದಿನ.
ನನಗೊಂದು ಹೊಸ ರೋಗ ಹತ್ತಿದೆ:
ಒಂದು ದಿರ್ಹಮಿನ ಕರಕ್ ಚಾಯ್‌ಗೂ ಬಿಲ್ಲು ಕೇಳುತ್ತೇನೆ.
ಚಾಯ್ ಹುಡುಗ ನಕ್ಕು, ಸಿಗರೇಟು ಪೆಟ್ಟಿಗೆ ಹರಿದು,
ಬರೆದು ಕೊಡುತ್ತಾನೆ: ಮೋನಬ್ಬ, ಒಂದು ಚಾಯ್, ಕುಡಿದಾಯ್ತು.
ತಾರೀಖು ಹಾಕು ಅಂದೆ.
ಹಾಕಿದ.
ಲೋಟವನ್ನು ಅದರ ಮೇಲೆ ಇಟ್ಟು ತೆಗೆದ,
ಬಲಕ್ಕೆ, ಕೆಳಗೆ,
ಗುಂಡಗೆ ಒಂದು ಕಂದು ಕಲೆ ಬಿತ್ತು.
ಮಡಚಿ ಜೇಬಿಗೆ ಹಾಕಿಕೊಂಡೆ.